ಹಂದನಕೆರೆ ಬಳಿಯ ಕಲ್ಲುಕೊಟ್ಟಿಗೆ

ಎಪ್ಪತ್ತರ ದಶಕದ ಕೊನೆಯ ಒಂದು ಮಾಗಿಯ ಬೆಳಗ್ಗೆ ತಿಪಟೂರಿನಲ್ಲಿ ರೈಲಿಳಿದೆ. ಹಂದನಕೆರೆ ಬಸ್ಸಿಗೆ ಒಂದೂಕಾಲು ರೂಪಾಯಿ. ಕೊಬ್ಬರಿ ಮೂಟೆಗಳ ನಡುವೆ ಕಾಲು ಮಡಚಿ ಕೂತು ಒಂದು ಗಂಟೆಯ ಪ್ರಯಾಣ. ನಾನಾಗ ಮೈಸೂರಿನಲ್ಲಿ ಕಟ್ಟಡಗಳ ನಕ್ಷೆ ಬರೆಯುತ್ತಿದ್ದೆ. ಹಳೆಯ ಸಹಪಾಠಿ ರುದ್ರಪ್ಪ ಕಾಗದ ಬರೆದಿದ್ದ: ಅಣ್ಣನಿಗೂ ತನಗೂ ಪಾಲಾಗಿದೆ, ತಾತನ ಕಾಲದ ಕಲ್ಲುಕೊಟ್ಟಿಗೆ ಒಂದು ಉಳಿದಿದೆ, ಬಂದು ನಡುವೆ ಗೆರೆ ಎಳೆದುಕೊಡು, ನನ್ನ ಪಾಲಿನ ಕಲ್ಲು ಕಿತ್ತು ಮನೆ ಕಟ್ಟುತ್ತೇನೆ.

ಬಸ್ಸಿಳಿದು ತೋಟಗಳ ನಡುವೆ ಎರಡು ಮೈಲಿ ನಡೆಯುವಾಗ ರುದ್ರಪ್ಪ ಪಾಲಾದ ಕಾರಣ ಹೇಳಿದ. ಅವನ ತಂದೆ ಕೊನೆಯ ವಾರವನ್ನು ತಂಪಿಗೆಂದು ಆ ಕೊಟ್ಟಿಗೆಯಲ್ಲೇ ಕಳೆದರಂತೆ. ಇವನು ಆಗ ಬಳ್ಳಾರಿಯಲ್ಲಿ ಕೆಲಸದಲ್ಲಿದ್ದ. ತಂತಿ ತಲುಪಿ ಊರಿಗೆ ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅಂದಿನಿಂದ ಎರಡು ವರ್ಷ ಅಣ್ಣನೊಡನೆ ಮಾತಿಲ್ಲ.

ಕೊಟ್ಟಿಗೆ ಕಂಡು ನಿಂತುಬಿಟ್ಟೆ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ಎರಡಡಿ ದಪ್ಪದ ಗೋಡೆ. ಒಳಗೆ ಮೂರು ಸಾಲು ಕಂಬ, ಅವುಗಳ ಮೇಲೆ ಕಲ್ಲಿನ ತೊಲೆ, ತೊಲೆಯ ಮೇಲೆ ಚಪ್ಪಡಿ. ಕೆಳಗಿನ ಬಿದಿರಿನ ಅಟ್ಟದಲ್ಲಿ ಕೊಬ್ಬರಿಯಾಗಲು ಬಿಟ್ಟ ಕಾಯಿಗಳು. ದನಗಳು ಕತ್ತು ಉಜ್ಜಿ ಉಜ್ಜಿ ಗೋದಲಿಯ ಕಲ್ಲಿನ ಅಂಚು ನುಣುಪಾಗಿತ್ತು.

ಅಳತೆಗೆ ಟೇಪಿನ ಒಂದು ತುದಿ ರುದ್ರಪ್ಪ ಹಿಡಿದ, ಇನ್ನೊಂದು ತುದಿ ಅವನ ಅಣ್ಣ ಬಸಪ್ಪ. ಇಬ್ಬರೂ ಅಂಕಿಯನ್ನು ನನಗೇ ಹೇಳುತ್ತಿದ್ದರು. ಲೆಕ್ಕ ಹಾಕಿ ನೋಡಿದಾಗ ವಿಷಯ ತಿಳಿಯಿತು. ಎರಡೂ ಕಡೆಯ ಚಪ್ಪಡಿಗಳು ನಡುಸಾಲಿನ ಕಂಬಗಳ ಮೇಲೆ ಸಮತೂಕದಲ್ಲಿ ಕೂತಿವೆ. ಒಂದು ಕಡೆ ಕಿತ್ತರೆ ಇನ್ನೊಂದು ಕಡೆ ನಿಲ್ಲುವುದಿಲ್ಲ. ಹಾಗೆಂದೇ ಹೇಳಿದೆ.

ಆಮೇಲೆ ರುದ್ರಪ್ಪ ನೆಲ ನೋಡುತ್ತ ಕೇಳಿದ, "ಅಪ್ಪ ಎಲ್ಲಿ ಮಲಗಿದ್ದ?"

ಬಸಪ್ಪ ನಡುಗಂಬದ ಬುಡ ತೋರಿಸಿದರು. "ಇಲ್ಲೇ. ನಿನ್ನೇ ಕೇಳ್ತಿದ್ದ. ಒಂದಿನ ಕಾಯೋಣ ಅಂತ ಊರಿನೋರಿಗೆ ಕೈ ಮುಗಿದೆ ಕಣ್ಲಾ. ಬೇಸಿಗೆ, ಹೆಣ ಇಡಕ್ಕಾಗಲ್ಲ ಅಂದ್ರು."

ರುದ್ರಪ್ಪ ಟೇಪು ಸುತ್ತಿ ನನ್ನ ಕೈಗಿಟ್ಟ. "ಗೆರೆ ಬೇಡ, ಬುಡು," ಅಂದ.

ಮಧ್ಯಾಹ್ನ ಬಸಪ್ಪನವರ ಮನೆಯಲ್ಲಿ ಮುದ್ದೆ, ಅವರೆಕಾಳಿನ ಸಾರು. ರುದ್ರಪ್ಪ ಊಟಕ್ಕೆ ಬರಲಿಲ್ಲ. ನನ್ನನ್ನು ಬಸ್ಸು ಹತ್ತಿಸಲು ಬಸಪ್ಪ ಒಬ್ಬರೇ ಹೊರಟರು. ತೋಟದ ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಕೊಟ್ಟಿಗೆಯ ಬಾಗಿಲು ತೆರೆದೇ ಇತ್ತು, ರುದ್ರಪ್ಪ ಇನ್ನೂ ಒಳಗಿದ್ದ. ಕರೆಯಲೇ ಎಂದು ಕೇಳಿದೆ.

"ಬ್ಯಾಡ," ಅಂದರು ಬಸಪ್ಪ. "ಅಪ್ಪನ ಹತ್ರ ಒಸಿ ಹೊತ್ತು ಕೂತ್ಕಳ್ಲಿ."