ಬಸಣ್ಣ ಕಾಕಾ ಮತ್ತು ಕೂತ ಬಟ್ಟೆ

ಕಲೆ ಮನುಷ್ಯನನ್ನು ಮೇಲಕ್ಕೆತ್ತುತ್ತದೆ ಎಂದು ಬಲ್ಲವರು ಹೇಳಿದ್ದಾರೆ. ಗಡಿಯಾಚೆಯ ನಮ್ಮ ಉದಗೀರದಲ್ಲಿ ಅದು ಎತ್ತಿದ್ದು ಮೊದಲನೇ ಮಾಳಿಗೆಯವರೆಗೆ, ಅದೂ ಮೊಣಕಾಲು ಹಿಡಿದುಕೊಂಡು. ಊರಿನ ಸಾರ್ವಜನಿಕ ಗ್ಯಾಲರಿ ಇರುವುದು ಅಲ್ಲಿ.

ಆ ವರ್ಷ ಅಲ್ಲಿಗೆ ಆಫ್ರಿಕಾದ ಈಗಿನ ಕಲಾವಿದರ ಚಿತ್ರ, ಶಿಲ್ಪಗಳು ಬಂದಿದ್ದವು. ಗೋಡೆಯ ಮೇಲೆ ಆಫ್ರಿಕಾದ ಕವಿಗಳ ಪದ್ಯಗಳು, ಮರಾಠಿ ಅನುವಾದದಲ್ಲಿ. ನೋಡುಗರಲ್ಲಿ ಅತ್ಯಂತ ನಿಷ್ಠಾವಂತರೆಂದರೆ ನಮ್ಮ ಓಣಿಯ ಬಸಣ್ಣ ಕಾಕಾ. "ಥಂಡ ಹವಾ ಪುಕಟ ಅದ" ಎಂಬುದು ಅವರು ಬಹಿರಂಗವಾಗಿ ಕೊಟ್ಟ ಕಾರಣ.

ಕಾಕಾ ಜೀವನವಿಡೀ ಬಟ್ಟೆ ಮಾರಿದವರು. ಎದುರಾದವರ ಕ್ಷೇಮ ಕೇಳುವ ಮೊದಲು ಅವರ ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡುವರು. ನನ್ನ ಮದುವೆಯಲ್ಲೂ ಕೋಟು ತಿಕ್ಕಿ, "ಒಮ್ಮಿ ಒಗದ್ರ ನಿನ್ ತಮ್ಮಗ ಆಗ್ತದ. ಇರ್ಲಿ, ಸಂಸಾರ ಮಾಡು" ಎಂದು ಆಶೀರ್ವದಿಸಿದ್ದರು.

ಒಂದು ದಿನ ಗ್ಯಾಲರಿಗೆ ನಾನೂ ಜೊತೆಗೆ ಹೋದೆ. ಕಲಾವಿದೆಯೊಬ್ಬಳ ಉರಿಗೆಂಪಿನ ದೊಡ್ಡ ಚಿತ್ರದ ಎದುರು, "ಈಕಿ ಬಣ್ಣಕ್ಕ ಅಂಜಂಗಿಲ್ಲ ನೋಡು. ನಮ್ಮ ಗಿರಾಕಿ ಅಂಜತಿದ್ರು" ಎಂದರು. ಅಷ್ಟು ಹೇಳಿ ಮೂಲೆಗೆ ತಿರುಗಿದವರು ಅಲ್ಲೇ ನಿಂತುಬಿಟ್ಟರು.

ಮೂಲೆಯಲ್ಲಿ ಒಬ್ಬ ಹೆಂಗಸು ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಸರಿಯಾಗಿ ಹೇಳಬೇಕೆಂದರೆ, ಹೆಂಗಸಿರಲಿಲ್ಲ. ಗಂಜಿ ಹಾಕಿ ಬಿರುಸು ಮಾಡಿದ ಬಟ್ಟೆ ಮಾತ್ರ ಕೂತಿತ್ತು. ಮೊಣಕಾಲು, ಹೆಗಲು, ತಲೆಯ ಮೇಲೆ ಹೊದ್ದ ಸೆರಗಿನಂಥದ್ದು ಎಲ್ಲ ಇದ್ದವು. ಮುಖದ ಜಾಗದಲ್ಲಿ ಕತ್ತಲೆ.

ನಮ್ಮ ಲಿಂಗವಂತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ; ವಿಭೂತಿ ಹಚ್ಚಿ, ಕೂರಿಸಿ ಮಣ್ಣು ಕೊಡುತ್ತೇವೆ. ಕಾಕಾರ ಹೆಂಡತಿ ಶಾಂತಾ ಕಾಕೂ ಕರೋನಾದಲ್ಲಿ ದೂರದ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಚೀಲದಲ್ಲಿ ಕಟ್ಟಿ, ಮಲಗಿಸಿ, ಸುಟ್ಟರು. ಕಾಕಾಗೆ ಸಿಕ್ಕಿದ್ದು ಒಂದು ಫೋನು.

"ಕನಸಿನ್ಯಾಗ ಮಕ್ಕೊಂಡೇ ಬರ್ತಾಳಪಾ," ಎಂದರು ಕಾಕಾ, ಬಟ್ಟೆಯಿಂದ ಕಣ್ಣು ತೆಗೆಯದೆ. "ಎದ್ದು ಕೂಡು ಅಂತೀನಿ. ಕೂಡವಲ್ಲಳು."

ಪಕ್ಕದ ಗೋಡೆಯ ಪದ್ಯವನ್ನು ಮರಾಠಿಯಲ್ಲಿ ಓದಿಕೊಂಡು, ಆ ಬಟ್ಟೆಗೆ ಕನ್ನಡದಲ್ಲಿ ಹೇಳಿದರು: "ಅವ್ವ ಕೂತ ಚಾಪಿ ಇನ್ನಾ ತಗ್ಗ ಬಿದ್ದದ. ಯಾರೂ ಕೂಡಬ್ಯಾಡ್ರಿ, ಆಕಿ ನೀರಿಗಿ ಹೋಗ್ಯಾಳ." ಆಮೇಲೆ ನನ್ನತ್ತ ತಿರುಗಿ ಸಮಜಾಯಿಷಿ ಕೊಟ್ಟರು: "ನಿನ್ ಕಾಕೂ ಭಾಲ್ಕಿ ಕಡಿಯಾಕಿ. ಕೊನಿತನಾ ಮರಾಠಿ ಬರಲಿಲ್ಲ."

ಮರುದಿನ ಮನೆಯಿಂದ ವಿಭೂತಿ ಗಟ್ಟಿ ತಂದು, ಹಣೆಯಿರಬೇಕಾದ ಅಂಚಿಗೆ ಮೂರು ಬೆರಳು ಎಳೆದೇಬಿಟ್ಟರು. ಮೇಲ್ವಿಚಾರಕಿ, ಕೈ ಹಚ್ಚಬೇಡಿ ಎಂದು ಮರಾಠಿಯಲ್ಲಿ ಕೂಗುತ್ತ ಓಡಿ ಬಂದರು.

"ಕಾಕಾ, ಹಾತ ಲಾವೂ ನಕಾ!"

"ಹಾತ ನಾಹಿ ಬಾಈ, ವಿಭೂತಿ," ಎಂದು, ಹಚ್ಚಿದ್ದು ಕೈಯಲ್ಲವೆಂದು, ಕಾಕಾ ವಕೀಲರ ಗಾಂಭೀರ್ಯದಿಂದ ತಿದ್ದಿದರು. ನಂತರ ಎಲ್ಲವನ್ನೂ ಹೇಳಿದರು. ಆಕೆ ಒರೆಸಲು ತಂದ ಅರಿವೆಯನ್ನು ಮಡಚಿಕೊಂಡು, ಪ್ರದರ್ಶನ ಮುಗಿದ ಮೇಲೆ ಒರೆಸುತ್ತೇನೆ ಎಂದು ಹೊರಟುಹೋದರು.

ಕೆಲವು ದಿನ ಬಿಟ್ಟು ಕಾಕಾ ಸ್ಟ್ಯಾಂಡಿನಲ್ಲಿ ಔರಾದ ಶಹಾಜನಿಯ ಬಸ್ಸು ಕಾಯುತ್ತ ಸಿಕ್ಕರು. ನನ್ನ ಅಂಗಿಯನ್ನು ಮುಟ್ಟಲಿಲ್ಲ.

"ಕಾಕೂ ಕೂತ್ರೇನ್ರಿ ಕಾಕಾ?" ಎಂದೆ.

"ಕೂತಾಳ. ದಿನಾ ಕನಸಿನ್ಯಾಗ ಬಂದು ಕೂಡ್ತಾಳ." ಬಸ್ಸಿನ ಕಡೆ ನೋಡುತ್ತ ಅಂದರು, "ಮಾರಿ-ಮುಖಾನೇ ಇಲ್ಲಪಾ. ಸೆರಗ ಸರಿಸಿ ನೋಡ್ದೆ. ಒಳಗ ಯಾರೂ ಇಲ್ಲ."

ಆ ವರ್ಷದ ಚಳಿಗಾಲದಲ್ಲಿ ಕಾಕಾ ಹೋದರು. ಅವರ ಹೊಲದಲ್ಲೇ ಕೂರಿಸಿ ಮಣ್ಣು ಮಾಡಿದೆವು. ಬಲಕ್ಕೆ ಒಬ್ಬರು ಕೂರುವಷ್ಟು ಜಾಗ ಬಿಡಬೇಕೆಂದು ಹೇಳಿದ್ದರು. ಬಿಟ್ಟಿದ್ದೇವೆ.