ಹೊಟ್ಟೆಗಿಳಿದ ನೆಗಡಿ ಜ್ವರ

ಸುಂದರಾಬಾಯಿ ನನ್ನ ದೊಡ್ಡವ್ವ. ಬೆಳಗಾವಿಯ ಖಾಸಬಾಗದಿಂದ ಖಾನಾಪುರದ ನಮ್ಮ ಜೈನರ ಮನೆಗೆ ಸೊಸೆಯಾಗಿ ಬಂದವಳು. ಗಂಡ, ಅಂದರೆ ನನ್ನಪ್ಪನ ಅಣ್ಣ, ಬೇಗ ತೀರಿಕೊಂಡ, ಮಕ್ಕಳಿಲ್ಲ. ನನ್ನನ್ನೇ ಮಗಳೆಂದುಕೊಂಡಿದ್ದಳು. ನಾನು ಮಲಗುತ್ತಿದ್ದುದೂ ಆಕೆಯ ಕೌದಿಯೊಳಗೇ.

ಸಾವಿರದ ಒಂಬೈನೂರ ಇಪ್ಪತ್ತನಾಲ್ಕರ ಚಳಿಗಾಲದಲ್ಲಿ ಆಕೆಗೆ ನೆಗಡಿ, ಕೆಮ್ಮು, ಮೈ ಸುಡುವ ಜ್ವರ. ಯಾರೂ ಹೆದರಲಿಲ್ಲ. "ಶುಂಠಿ ಕಷಾಯ ಕುಡೀರಿ, ಹೋಗ್ತದ" ಎಂದಳು ಅವ್ವ. ನಾನು ಎಂದಿನಂತೆ ದೊಡ್ಡವ್ವನನ್ನು ತಬ್ಬಿಕೊಂಡೇ ಮಲಗಿದೆ. ಒಂದು ಮುಂಜಾನೆ ಆಕೆಗೆ ವಾಂತಿ, ಭೇದಿ ಶುರುವಾಯಿತು ನೋಡಿ, ಓಣಿಗೆ ಓಣಿಯೇ "ಪಟಕಿ ಬಂತು!" ಎಂದು ಬಾಯಿ ಬಾಯಿ ಬಡಿದುಕೊಂಡಿತು. ಪಟಕಿ ಅಂದರೆ ಕಾಲರಾ. ಅದು ಬಂದರೆ ಊರು ಬಿಟ್ಟು ಹೊಲದ ಗುಡಿಸಲು ಸೇರುವುದು ಆಗಿನ ರೂಢಿ. ಮಧ್ಯಾಹ್ನದೊಳಗೆ ನನ್ನಪ್ಪ ಪಾಯಪ್ಪ ಗಾಡಿ ಹೂಡಿದ.

"ಬಾಯಿಗೆ ನೀರು ಹಾಕಾಕರೆ ಯಾರರೆ ಒಬ್ಬರು ಇರ್ರಿ" ಎಂದು ದೊಡ್ಡವ್ವ ಒಳಗಿನಿಂದ ಅಂಗಲಾಚಿದಳು. ಒಬ್ಬರೂ ನಿಲ್ಲಲಿಲ್ಲ. ಹೊರಗಿನಿಂದ ಬಾಗಿಲು ಎಳೆದುಕೊಂಡು ಹೋದೆವು. ನಮ್ಮವರ ಬುದ್ಧಿಗಿಷ್ಟು ಬೆಂಕಿ ಬೀಳಲಿ! ಅಂಜಬೇಕಾದ ಕೆಮ್ಮಿಗೆ ಅಂಜಲಿಲ್ಲ, ಭೇದಿ ಕಂಡು ಓಡಿದರು.

ವೈದ್ಯ ಕಲ್ಲಯ್ಯ ಮಾತ್ರ ಒಳಗೆ ಹೋಗಿ ನೋಡಿದ. ಆಮೇಲೆ ಗುಡಿಸಲಿಗೆ ಬಂದು ಹೇಳಿದ: "ಪಟಕಿ ಅಲ್ಲರೀ ಪಾಯಪ್ಪ. ನೆಗಡಿ ಜ್ವರನ ಹೊಟ್ಟಿಗೆ ಇಳದೈತಿ. ನೀರು, ಗಂಜಿ ಕೊಟ್ರ ಉಳೀತಾರ, ಬರ್ರಿ." ಅಪ್ಪ ನಂಬಲಿಲ್ಲ.

ಎರಡು ದಿನ ಕಳೆಯುವಷ್ಟರಲ್ಲಿ ನನಗೂ ಕೆಮ್ಮು, ಜ್ವರ, ಅದರ ಬೆನ್ನಿಗೇ ಭೇದಿ. ನಾನು "ದೊಡ್ಡವ್ವ, ದೊಡ್ಡವ್ವ" ಎಂದೇ ಕನವರಿಸುತ್ತಿದ್ದೆನಂತೆ. ಕಲ್ಲಯ್ಯನಿಂದ ಸುದ್ದಿ ಕೇಳಿ ಆಕೆ ಬಂದೇಬಿಟ್ಟಳು. ತಾನೇ ಗಂಜಿ ಕಾಸಿಕೊಂಡು ಕುಡಿದು ಬದುಕಿದ್ದಳು, ಇನ್ನೂ ಕೋಲೂರಿಕೊಂಡೇ ನಡೆಯುತ್ತಿದ್ದಳು. ಯಾರನ್ನೂ ಮಾತಾಡಿಸದೆ ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಗುಟುಕು ಗುಟುಕಾಗಿ ಉಪ್ಪಿನ ಗಂಜಿ ಕುಡಿಸಿದಳು. ನಾನು ಉಳಿದೆ.

ಊರಿಗೆ ಮರಳಿದ ದಿನ ದೊಡ್ಡವ್ವ ಹೊಸ್ತಿಲು ದಾಟಲಿಲ್ಲ.

"ತಪ್ಪಾತು ವೈನಿ, ಒಳಗ ಬರ್ರಿ" ಎಂದು ಅಪ್ಪ ಅತ್ತಿಗೆಗೆ ಕೈಮುಗಿದ.

"ಹೊಟ್ಟಿ ನೆಟ್ಟಗಾತು ಪಾಯಪ್ಪ. ನೀವು ಬಾಗಲಾ ಎಳಕೊಂಡು ಹೋದದ್ದು ಮನಸಿನ್ಯಾಗಿಂದ ಹೋಗವಲ್ತು."

ಖಾಸಬಾಗದ ತವರಿನಲ್ಲಿ ಆಕೆಗೆ ಯಾರೂ ಉಳಿದಿರಲಿಲ್ಲ. ಆದರೂ ಅಲ್ಲಿಗೇ ಹೊರಟಳು. ನಾನು ಸೆರಗು ಹಿಡಿದು ಅತ್ತೆ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ತಾನೂ ಅಳುತ್ತ, ದೊಡ್ಡವ್ವ ಒಬ್ಬಳೇ ಸ್ಟೇಶನ್ನಿನ ದಾರಿ ಹಿಡಿದಳು.