ಲಾರಿ ಪಟ್ಟಿಯ ದಪ್ಪ ಚೂರಿ

ನನ್ನ ಸೊಸೆ ಸುಜಾತಾಳ ಎಡಗೈ ಹೆಬ್ಬೆರಳು ಕೆಟ್ಟದ್ದು ಅವಳ ಅಜಾಗರೂಕತೆಯಿಂದ ಅಲ್ಲ. ಆ ಚೂರಿ ಜಾರುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ. ಕೊಟ್ಟ ಮೇಲೆ ಬಾಯಿ ಮುಚ್ಚಿಕೊಂಡೆ. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಕುರುಗೋಡಿನ ನಮ್ಮ ಓಣಿಯಲ್ಲಿ ನಾನೇ ಹಬ್ಬಿಸಿದ ಮಾತು.

ನಾನು ಓದಿದವಳಲ್ಲ. ತವರೂರು ತೆಕ್ಕಲಕೋಟೆಯಲ್ಲಿ ಅಕ್ಷರ ಕೂಡಿಸುವಷ್ಟು ಕಲಿತೆ, ಆಮೇಲೆ ನಾಟಿ ಹಚ್ಚಲು ಗದ್ದೆಗೆ ಇಳಿದೆ. ಇದನ್ನು ಚಂದ ಮಾಡಿ ಬರೆಯಲು ನನಗೆ ಬರುವುದಿಲ್ಲ — ಬಂದಿದ್ದರೂ ಇದನ್ನು ಚಂದ ಮಾಡಬಾರದು.

ಮೊದಲು ಚೂರಿಯ ಮಾತು ಹೇಳಬೇಕು. ನನ್ನ ಗಂಡ ಲಾರಿ ಓಡಿಸುತ್ತಿದ್ದರು. ಒಮ್ಮೆ ಲಾರಿಯ ಅಡಿಯಲ್ಲಿ ಮುರಿದ ಕಮಾನು ಪಟ್ಟಿಯ ತುಂಡೊಂದನ್ನು ಮನೆಗೆ ತಂದರು. ಅದನ್ನು ಒಯ್ದು ಕಮ್ಮಾರ ಮೌನೇಶಪ್ಪನ ಮುಂದೆ ಹಾಕಿದೆ. ಅವನು ಪಟ್ಟಿಯನ್ನು ಕಾಸಿ, ಬಡಿದು, ನನ್ನ ಮುಖ ನೋಡಿದ.

"ಅಕ್ಕಾ, ಇನ್ನೊಂದೀಟು ಬಡದು ತೆಳ್ಳಗ ಮಾಡ್ತೀನಿ. ಇಷ್ಟು ದಪ್ಪ ಇದ್ರ ಸೀಳತೈತಿ, ಕಡಿಯಂಗಿಲ್ಲ. ಒಣಾ ಜಾಲಿ ಮ್ಯಾಲೆ ಜಾರತೈತಿ ನೋಡು."

"ದಪ್ಪಾನ ಇರ್ಲಿ. ಹಿಡಿಯಾಕಿ ನಾನು, ನೀನಲ್ಲ."

"ಆತು ತಾಯಿ. ಕಟಿಗಿ ಕಡೀಲಿಲ್ಲ ಅಂದ್ರ ಗಂಡನ್ನ ಹೆದರ್ಸಾಕರ ಬರತೈತಿ."

ಕುಲುಮೆಯಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಅವನು ಹೇಳಿದ್ದು ಕಿವಿಗೆ ಬಿದ್ದಿತ್ತು, ತಲೆಗೆ ಹಾಕಿಕೊಳ್ಳಲಿಲ್ಲ.

ಎಂಥ ಚೂರಿ ಅದು! ಮಡಚುವುದಿಲ್ಲ, ಅಲ್ಲಾಡುವುದಿಲ್ಲ. ಅಲಗಿನ ಕಬ್ಬಿಣವೇ ಹಿಡಿಕೆಯ ತುದಿಯವರೆಗೂ ಹೋಗಿತ್ತು. ಜಾಲಿಯ ಬೊಡ್ಡೆಯ ಮೇಲೆ ಇಟ್ಟು ಬೆನ್ನಿಗೆ ಕಲ್ಲಿನಿಂದ ಹೊಡೆದರೆ ಬೊಡ್ಡೆ ಎರಡಾಗುತ್ತಿತ್ತು. ಹೂತ ಗೂಟ ಮೀಟಲು ಅದೇ, ಡಬ್ಬದ ಮುಚ್ಚಳ ಎಬ್ಬಿಸಲು ಅದೇ, ತೆಂಗಿನಕಾಯಿಗೂ ಅದೇ. ಎಷ್ಟು ಹೊಡೆದರೂ ಬಾಗುತ್ತಿರಲಿಲ್ಲ. ಓಣಿಯವರು ಬಾಗಿಲಿಗೆ ಬಂದು, "ಹುಲಿಗೆಮ್ಮಕ್ಕಾ, ನಿನ್ನ ಚೂರಿ ಕೊಡಬೇ" ಎಂದು ಕೇಳುತ್ತಿದ್ದರು. ಗಂಡ ಹೋದ ಮೇಲಂತೂ — ಅದನ್ನು ಕೈಯಲ್ಲಿ ಹಿಡಿದರೆ ಆ ಭಾರಕ್ಕೇ ಒಂದು ಧೈರ್ಯ ಬರುತ್ತಿತ್ತು. ಮನೆಯಲ್ಲಿ ಇನ್ನೊಬ್ಬರು ಇದ್ದಾರೆ ಅನ್ನಿಸುತ್ತಿತ್ತು.

ಅದರ ಊನ ಮಾತ್ರ ಯಾರಿಗೂ ಹೇಳಲಿಲ್ಲ. ಉಳ್ಳಾಗಡ್ಡಿಯ ಮೇಲೆ ಇಟ್ಟರೆ ಅದು ಕೊಯ್ಯುತ್ತಿರಲಿಲ್ಲ, ಗಡ್ಡೆಯನ್ನು ಒಡೆಯುತ್ತಿತ್ತು. ಟೊಮೇಟೊ ಅಂತೂ ಪಿಚಕ್ಕನೆ ಮುಖಕ್ಕೇ ಹಾರುತ್ತಿತ್ತು. ಒಂದು ಹಗ್ಗ ಕೊಯ್ಯಬೇಕೆಂದರೆ ಗರಗಸದ ಹಾಗೆ ಉಜ್ಜಬೇಕು. ಕಲ್ಲಿಗೆ ಎಷ್ಟು ಮಸೆದರೂ ಹರಿತವಾದ ಬಾಯಿ ಬರುತ್ತಿರಲಿಲ್ಲ, ನನ್ನ ಮಣಿಕಟ್ಟು ಮಾತ್ರ ಸಂಜೆಯ ಹೊತ್ತಿಗೆ ಬಾತಿರುತ್ತಿತ್ತು. ಇಷ್ಟಾದರೂ ತಡೆಯಬಹುದು. ಜಾರುವುದು ಬೇರೆ.

ಒಂದು ದಿನ ಒಣಗಿದ ಜಾಲಿ ಕೊಂಬೆಗೆ ಏಟು ಹಾಕಿದೆ. ಚೂರಿ ಕಚ್ಚಲಿಲ್ಲ. ತೊಗಟೆಯ ಮೇಲೆ ಜಾರಿ, ನನ್ನ ಪಾದದ ಪಕ್ಕದ ಕಲ್ಲಿಗೆ ಬಡಿದು ಕಿಡಿ ಎದ್ದಿತು. ಒಂದು ಗೇಣು ಈಚೆ ಬಂದಿದ್ದರೆ — ಬರಲಿಲ್ಲ. ಅಂದೇ ಹೋಗಿ ಮೌನೇಶಪ್ಪನ ಕೈಯಲ್ಲಿ ಅದನ್ನು ತೆಳ್ಳಗೆ ಬಡಿಸಬೇಕಿತ್ತು. ಹೋಗಲಿಲ್ಲ. ಹೋದರೆ ಅವನು ನಗುತ್ತಾನೆ. ಬದಲಿಗೆ ಬೇವಿನ ಕೊಂಬೆಯಿಂದ ಒಂದು ಕವೆಗೋಲು ಮಾಡಿಕೊಂಡೆ, ತುದಿ ಎರಡು ಕವಲಾಗಿರುವಂಥದ್ದು. ಎಡಗೈಯಿಂದ ಕೊಂಬೆ ಹಿಡಿಯುವುದನ್ನೇ ಬಿಟ್ಟೆ. ಕವೆಗೋಲಿನಿಂದ ಕೊಂಬೆಯನ್ನು ಕೊರಡಿಗೆ ಒತ್ತಿ, ದೂರ ನಿಂತು ಕಡಿಯುತ್ತಿದ್ದೆ. ಕೆಲಸ ಮುಗಿದ ಕೂಡಲೇ ಆ ಕೋಲನ್ನು ಬಚ್ಚಲ ಹಿಂದಿನ ಗೋಡೆಗೆ ಸಿಕ್ಕಿಸುತ್ತಿದ್ದೆ. ಯಾರದಾದರೂ ಹೆಜ್ಜೆ ಕೇಳಿದರೆ ಕೆಳಗೆ ಹಾಕಿ ಕಾಲಿನಿಂದ ಸರಿಸುತ್ತಿದ್ದೆ. ಊರಿಗೆಲ್ಲ ಹೊಗಳಿದ ಚೂರಿಗೆ ನಾನೇ ಹೆದರುತ್ತೇನೆ ಎಂದು ಜನಕ್ಕೆ ಗೊತ್ತಾಗಬಾರದಿತ್ತು.

ಸುಜಾತಾ ಬಳ್ಳಾರಿಯ ಹುಡುಗಿ. ಮದುವೆಗೆ ಮುಂಚೆಯೇ ಜೀನ್ಸ್ ಹೊಲಿಯುತ್ತಿದ್ದಳು. ನಮ್ಮ ಮನೆಗೆ ಬರುವಾಗ ಹೊಲಿಗೆ ಮಿಷನ್ನನ್ನೂ ತಂದಳು. ಕತ್ತರಿಸಿದ ಬಟ್ಟೆಯ ಗಂಟುಗಳು ಬಳ್ಳಾರಿಯಿಂದ ಬಸ್ಸಿನ ಮೇಲೆ ಬರುತ್ತಿದ್ದವು, ಪ್ಯಾಂಟಾಗಿ ಹಿಂದಕ್ಕೆ ಹೋಗುತ್ತಿದ್ದವು. ಅವಳ ಕೈಯ ಓಟ ನೋಡಬೇಕಿತ್ತು. ಎಡಗೈ ಹೆಬ್ಬೆರಳು ಅಷ್ಟು ದಪ್ಪ ಬಟ್ಟೆಯನ್ನು ಸೂಜಿಯ ಬಾಯಿಗೆ ಹೀಗೆ ತಿರುಗಿಸಿ, ಹೀಗೆ ಕೊಡುತ್ತಿತ್ತು. ಓಣಿಯ ಹೆಂಗಸರು ಜಂಪರ್ ಹೊಲಿಸಲು ಬರತೊಡಗಿದರು. ಬಾಗಿಲಲ್ಲಿ ನಾನು ಕೂತಿದ್ದರೆ, "ಸುಜಾತಾ ಅದಾಳೇನಬೇ?" ಎಂದು ನನ್ನನ್ನು ದಾಟಿ ಒಳಗೆ ಹೋಗುತ್ತಿದ್ದರು. ಚೂರಿ ಕೇಳುವವರು ಕಡಿಮೆಯಾದರು.

ನನಗೆ ಹೊಟ್ಟೆ ಉರಿಯಿತು. ಇದಕ್ಕೆ ಬೇರೆ ಹೆಸರು ಹುಡುಕಿದ್ದೇನೆ, ಸಿಕ್ಕಿಲ್ಲ.

ಅಂದು ಮುಂಜಾನೆ ಬಚ್ಚಲ ಒಲೆಗೆ ಕಟ್ಟಿಗೆ ಕಡಿದಿರಲಿಲ್ಲ. ನನ್ನ ಮೊಮ್ಮಗಳು ಪಲ್ಲವಿ ಆಗ ಅಂಗನವಾಡಿಗೆ ಹೋಗುವ ಕೂಸು. ಅವಳಿಗೆ ಎರೆಯಲು ನೀರು ಕಾಯಬೇಕು. ಸುಜಾತಾ ಹಿತ್ತಲಿಗೆ ಬಂದಳು.

"ಅತ್ತಿ, ಕುಡುಗೋಲು ಎಲ್ಲೈತ್ರಿ?"

"ನಿನ್ನ ಗಂಡ ಹೊಲಕ್ಕ ಒಯ್ದಾನ. ನನ್ನ ಚೂರಿ ತಗಾ."

"ಬ್ಯಾಡ್ರಿ ಅತ್ತಿ. ಅದು ನನ್ನ ಕೈಗೆ ಭಾರ ಆಕ್ಕೈತಿ."

"ಅಬಬಾ! ಊರ ಮಂದಿಗೆಲ್ಲ ಪ್ಯಾಂಟ್ ಹೊಲಿಯಾ ಕೈಗೆ ಒಂದು ಚೂರಿ ಭಾರ ಆತೇನು? ದಾರ ಕಡದಂಗಲ್ಲವಾ, ಕಟಿಗಿ ಕಡಿಯಾದು."

ಅವಳು ಕೈ ಚಾಚಿದಳು.

ಚೂರಿ, ಕತ್ತರಿಯಂಥದ್ದನ್ನು ನಮ್ಮಲ್ಲಿ ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರ ನಡುವೆ ಜಗಳ ಬರುತ್ತದೆ ಎನ್ನುತ್ತಾರೆ. ಒಬ್ಬರು ನೆಲಕ್ಕೆ ಇಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ನಾನು ಪದ್ಧತಿ ತಪ್ಪಲಿಲ್ಲ. ಅವಳು ಚಾಚಿದ ಕೈಯ ಕೆಳಗೆ, ನೆಲದ ಮೇಲೆ ಚೂರಿ ಇಟ್ಟು ತಿರುಗಿದೆ. ಕೈಗೆ ಕೊಟ್ಟಿದ್ದರೆ ಅವಳ ಮುಖ ನೋಡಬೇಕಾಗುತ್ತಿತ್ತು. ಮುಖ ನೋಡಿದ್ದರೆ ಬಹುಶಃ — ಇಲ್ಲ, ಆಗಲೂ ಹೇಳುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ.

ಅವಳು ಕೈ ಕಳೆದುಕೊಳ್ಳಲಿ ಎಂದು ನಾನು ಬಯಸಲಿಲ್ಲ. ಒಂದೆರಡು ಏಟು ಹುಸಿ ಹೋಗಲಿ, ಅವಳು ಬೆವರಲಿ, "ಅತ್ತಿ, ನೀವಾ ಕಡೀರಿ" ಎಂದು ಕರೆಯಲಿ ಎಂದು ಬಯಸಿದೆ. ಒಳಗೆ ಹೋಗಿ ಕಿವಿಗೊಟ್ಟು ಕೂತೆ. ಮೊದಲ ಏಟು ಕೇಳಿತು. ಎರಡನೆಯದು ಕೇಳಿತು. ಆಮೇಲೆ ಅವಳು ಕರೆದಳು. ನಾನು ಕಾದಿದ್ದ ಹಾಗೆಯೇ, "ಅತ್ತಿ" ಎಂದು ಕರೆದಳು.

ದಪ್ಪ ಅಲಗು ಹೆಬ್ಬೆರಳನ್ನು ಕೊಯ್ದಿರಲಿಲ್ಲ, ಜಜ್ಜಿತ್ತು. ಕೊಯ್ದಿದ್ದರೆ ಕೂಡಿಸುವುದು ಸುಲಭವಿತ್ತು ಎಂದು ಬಳ್ಳಾರಿಯ ಆಸ್ಪತ್ರೆಯಲ್ಲಿ ಹೇಳಿದರಂತೆ. ಬೆರಳು ಉಳಿಯಿತು, ನರ ಉಳಿಯಲಿಲ್ಲ. ಗಾಯ ಮಾಯಿತು, ಆದರೆ ಆ ಹೆಬ್ಬೆರಳು ಮಡಚುವುದಿಲ್ಲ. ಸೂಜಿಗೆ ಬಟ್ಟೆ ಕೊಡಲು ಬರುವುದಿಲ್ಲ. ಮಿಷನ್ನು ಬೇರೆಯವರ ಮನೆಗೆ ಹೋಯಿತು. ಮುಂದೆ ನಾವೆಲ್ಲ ಬಳ್ಳಾರಿಗೆ ಬಂದೆವು. ಇಲ್ಲಿ ಗಾಂಧಿನಗರದ ಬಾಡಿಗೆ ಮನೆಯಿಂದ ಅವಳು ದಿನಾ ಜೀನ್ಸ್ ಘಟಕಕ್ಕೆ ಹೋಗುತ್ತಾಳೆ. ಬೇರೆಯವರು ಹೊಲಿದ ಪ್ಯಾಂಟಿನ ಉಳಿದ ದಾರ ಕತ್ತರಿಸುತ್ತಾಳೆ. ದಾರ ಕಡಿಯುವುದು — ಆ ಮಾತು ಅಂದು ನನ್ನ ಬಾಯಿಂದಲೇ ಬಂದಿತ್ತು.

ಓಣಿಯವರು ಕೇಳಿದಾಗ ನನ್ನ ಉತ್ತರ ಒಂದೇ: "ಪ್ಯಾಟಿ ಹುಡುಗಿ. ಚೂರಿ ಹಿಡಿಯಾಕ ಬರಂಗಿಲ್ಲ." ಹೇಳುತ್ತಾ ಹೇಳುತ್ತಾ ಊರೇ ಅದನ್ನು ನಂಬಿತು. ಅವಳೂ ನಂಬಿದಳು. ನನ್ನ ಕೈ ಹಿಡಿದು, "ನಂದಾ ತಪ್ಪುರಿ ಅತ್ತಿ, ನೀವು ಮನಸಿಗೆ ಹಚ್ಕಬ್ಯಾಡ್ರಿ" ಎಂದು ನನಗೇ ಸಮಾಧಾನ ಹೇಳಿದಳು. ಆ ಸಮಾಧಾನವನ್ನೂ ತೆಗೆದುಕೊಂಡೆ.

ಮೊನ್ನೆ ಪಲ್ಲವಿ ಫೋನು ಹಿಡಿದು ನನ್ನ ಮಗ್ಗುಲಿಗೆ ಬಂದು ಕೂತಳು. ಈಗ ಕಾಲೇಜಿನ ಹುಡುಗಿ. ಗೆಳತಿಯರ ಜೊತೆ ಸಂಡೂರಿನ ಗುಡ್ಡಕ್ಕೆ ಹೋಗಿ ಡೇರೆ ಹಾಕುತ್ತಾರಂತೆ. ಫೋನಿನಲ್ಲಿ ಒಬ್ಬ ಗಡ್ಡದವನು ದಪ್ಪ ಚೂರಿಯ ಬೆನ್ನಿಗೆ ಹೊಡೆದು ಕೊರಡು ಸೀಳುತ್ತಿದ್ದ.

"ಅಜ್ಜಿ, ಥೇಟ್ ನಿನ್ನ ಚೂರಿ ನೋಡು! ಇಂಥವಕ್ಕ ಈಗ ಭಾಳ ಬೇಡಿಕಿ. ನಿಂದು ನನಗ ಕೊಡು."

ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಹೆಮ್ಮೆ ಆಯಿತು. ಒಂದು ಗಳಿಗೆ. ಅಷ್ಟರಲ್ಲಿ ಒಳಗಿನಿಂದ ಸುಜಾತಾ ಅಂದಳು:

"ಬ್ಯಾಡಲೇ ಪಲ್ಲು. ನೀ ನನ್ನ ಮಗಳು, ನಿನಗೂ ಚೂರಿ ಹಿಡಿಯಾಕ ಬರಂಗಿಲ್ಲ. ಅಜ್ಜಿ ಕೈಯಾಗ ಆದ್ರ ಅದು ಒಂದಿನಾನೂ ಜಾರಿಲ್ಲ."

ಅಂದೂ ನಾನು ಬಾಯಿ ತೆರೆಯಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸುಜಾತಾ, ಜಾರಿತ್ತು. ನಿನಗಿಂತ ಮೊದಲು ನನಗೇ ಜಾರಿತ್ತು. ಒಣ ಕೊಂಬೆಯನ್ನು ಕೈಯಲ್ಲಿ ಹಿಡಿದು ಆ ಚೂರಿಯಿಂದ ಕಡಿದರೆ ಯಾರ ಕೈಯಾದರೂ ಹೋಗುತ್ತದೆ. ಪಲ್ಲವಿ, ಚೂರಿ ನಿನಗೆ ಕೊಡುವುದಿಲ್ಲ. ನಿನ್ನಮ್ಮನಿಗೆ ಚೂರಿ ಹಿಡಿಯಲು ಬರುವುದಿಲ್ಲ ಎಂದಲ್ಲ. ಇದನ್ನು ಓದಿದ ಮೇಲೆ ನೀವಿಬ್ಬರೂ ನನ್ನನ್ನು ಏನಾದರೂ ಅನ್ನಿರಿ, ಕೇಳುತ್ತೇನೆ. ಏನೂ ಅನ್ನದೆ ಹೋದರೆ ಅದನ್ನೂ ಕೇಳುತ್ತೇನೆ.

ಇನ್ನೊಂದು ಉಳಿದಿದೆ. ಇಲ್ಲಿಯವರೆಗೆ ಬರೆದು ಇದನ್ನು ಬಿಟ್ಟುಬಿಡೋಣ ಎಂದುಕೊಂಡಿದ್ದೆ.

ಬೆರಳು ಜಜ್ಜಿದ ಮರುದಿನ ಮುಂಜಾನೆ ಸುಜಾತಾ ಆಸ್ಪತ್ರೆಯಲ್ಲಿದ್ದಳು, ಮಗ ಅವಳ ಹತ್ತಿರ ಇದ್ದ. ಮನೆಯಲ್ಲಿ ನಾನು ಮತ್ತು ಪಲ್ಲವಿ. ಕೊರಡಿನ ಮೇಲಿನ ಕಲೆ ತೊಳೆದೆ. ಬಚ್ಚಲ ಹಿಂದೆ ಹೋಗಿ, ಗೋಡೆಗೆ ಸಿಕ್ಕಿಸಿದ್ದ ಕವೆಗೋಲನ್ನು ತೆಗೆದು, ಇಡೀ ಕೋಲನ್ನೇ ಒಲೆಗೆ ತುರುಕಿದೆ. ಚೆನ್ನಾಗಿ ಉರಿಯಿತು. ಆ ಉರಿಗೆ ಕಾದ ನೀರಿನಲ್ಲೇ ಕೂಸಿಗೆ ಎರೆದೆ. ತಲೆ ಒರೆಸುವಾಗ, "ಅಮ್ಮಗ ಏನಾಗೈತಜ್ಜಿ?" ಎಂದು ಕೇಳಿತು.

"ನಿಮ್ಮಮ್ಮಗ ಚೂರಿ ಹಿಡಿಯಾಕ ಬರಂಗಿಲ್ಲವ್ವಾ" ಎಂದೆ. ಆ ಮಾತನ್ನು ನಾನು ಮೊಟ್ಟಮೊದಲು ಹೇಳಿದ್ದು ಅವಳ ಮಗಳಿಗೆ.